ಮೆಟ್ಟುಗತ್ತಿಗೊಂದು ಜಾಗ

ನಮ್ಮ ಮನೆಗೆ ಮೊದಲ ಸಲ ಬರುವವರು ಸೋಫಾದಲ್ಲಿ ಕೂತು, ನೀರಿನ ಲೋಟ ಕೈಗೆ ತಗೊಂಡ ಮೇಲೆ ಎದುರಿಗಿರೋ ಗಾಜಿನ ಕಪಾಟು ನೋಡ್ತಾರೆ. ಆಮೇಲೆ ನನ್ನ ಮುಖ ನೋಡ್ತಾರೆ. ಆಮೇಲೆ ಇನ್ನೊಂದು ಸಲ ಕಪಾಟು. ಬೇರೆಯವರ ಮನೆಯಲ್ಲಿ ಸ್ಕೂಲಿನ ಕಪ್ಪುಗಳು, ಗೋವಾದಿಂದ ತಂದ ಶಂಖ, ಮದುವೆಯಲ್ಲಿ ಕೊಟ್ಟ ಗಣಪತಿ ಇರುವ ಜಾಗದಲ್ಲಿ ನಮ್ಮಲ್ಲಿ ಒಂಬತ್ತು ಕತ್ತಿಗಳಿವೆ. "ಮದುವೆಗೆ ಮುಂಚೆ ಈ ಕಪಾಟಿನ ಫೋಟೋ ಕಳಿಸಿದ್ರೆ ನಮ್ಮಪ್ಪ ಖಂಡಿತ ಯೋಚನೆ ಮಾಡ್ತಿದ್ರು" ಅಂತ ನನ್ನಾಕೆ ಬಂದವರಿಗೆಲ್ಲ ಹೇಳಿ ನಗಿಸುತ್ತಾಳೆ. ಬಂದವರು ನಗ್ತಾರೆ, ಆದರೆ ಪೂರ್ತಿ ನಗಲ್ಲ.

ಅವರ ಎರಡನೇ ಪ್ರಶ್ನೆ ಯಾವತ್ತೂ ಒಂದೇ: "ಇದಕ್ಕೆಲ್ಲ ಲೈಸೆನ್ಸ್ ಬೇಡ್ವಾ?" ಇದನ್ನ ಮೊದಲೇ ಹೇಳಿ ಮುಗಿಸಿಬಿಡ್ತೀನಿ. 1959ರ ಶಸ್ತ್ರಾಸ್ತ್ರ ಕಾಯ್ದೆ 'ಶಸ್ತ್ರ' ಅನ್ನೋ ಪದದ ವ್ಯಾಖ್ಯೆಯಿಂದಲೇ ಬರೀ ಮನೆಬಳಕೆಗೆ, ಬೇಸಾಯಕ್ಕೆ ಅಂತ ಮಾಡಿದ ಸಾಮಾನುಗಳನ್ನ ಹೊರಗಿಟ್ಟಿದೆ. ಅದರ ನಿಯಮಗಳಲ್ಲಿ ಬರುವ ಒಂಬತ್ತು ಇಂಚು ಉದ್ದ, ಎರಡು ಇಂಚು ಅಗಲ ಅನ್ನೋ ಲೆಕ್ಕಕ್ಕೂ ಮನೆಬಳಕೆಯ, ಬೇಸಾಯದ ಕತ್ತಿಗಳು ಸಿಗುವುದಿಲ್ಲ. ಇಲ್ಲದಿದ್ರೆ ನಮ್ಮ ಸಿದ್ದಾಪುರ ತಾಲ್ಲೂಕಿನ ಅರ್ಧ ಜನ ಜೈಲಲ್ಲಿ ಇರಬೇಕಾಗ್ತಿತ್ತು.

ನನ್ನ ಸಂಗ್ರಹಕ್ಕೆ ಒಂದೇ ನಿಯಮ. ಮಡಚಬಾರದು. ಇಂಗ್ಲಿಷಿನವರು ಫಿಕ್ಸೆಡ್ ಬ್ಲೇಡ್ ಅಂತಾರಲ್ಲ, ಅದು. ಅಲಗಿನ ಬಾಲ ಹಿಡಿಯೊಳಗೆ ತೂರಿಕೊಂಡು ಅಲ್ಲೇ ಗಟ್ಟಿಯಾಗಿ ಕೂತಿರಬೇಕು. ನಮ್ಮೂರಲ್ಲಿ ಇದಕ್ಕೆ ಬೇರೆ ಹೆಸರೇ ಇಲ್ಲ, ಯಾಕಂದ್ರೆ ಮಡಚೋದನ್ನ ಯಾರೂ ಕತ್ತಿ ಅಂತ ಒಪ್ಪುವುದೇ ಇಲ್ಲ. ಒಂಬತ್ತರಲ್ಲಿ ಐದು ಊರಿನವು: ಎರಡು ಸೊಪ್ಪಿನ ಕತ್ತಿ, ಅಡಿಕೆ ಕೊನೆ ಕೊಯ್ಯೋ ಕತ್ತಿ ಒಂದು, ಬಾಳೆ ಎಲೆಗೆ ಅಂತಲೇ ಇಟ್ಟುಕೊಂಡಿದ್ದ ಗಿಡ್ಡ ಕತ್ತಿ ಒಂದು, ಮತ್ತೆ ಅಜ್ಜಿಯ ಮೆಟ್ಟುಗತ್ತಿ. ಉಳಿದ ನಾಲ್ಕು ಆಮೇಲೆ ಸೇರಿಕೊಂಡವು: ಕೊಡಗಿನ ಪೀಚೆಕತ್ತಿ, ನೇಪಾಳದ ಖುಕ್ರಿ, ಸ್ವೀಡನ್ನಿನಿಂದ ಸಹೋದ್ಯೋಗಿಯೊಬ್ಬ ತಂದುಕೊಟ್ಟ ಕೆಂಪು ಹಿಡಿಯ ಮೋರಾ, ಆನ್‌ಸೈಟ್ ಅಂತ ಒಸಾಕಕ್ಕೆ ಹೋದಾಗ ಪಕ್ಕದ ಸಕಾಯ್ ಊರಿನಿಂದ ತಂದ ಮೀನು ಕೊಯ್ಯೋ ದೇಬಾ. (ಮೀನು ತಿನ್ನದವನಿಗೆ ಮೀನಿನ ಕತ್ತಿ ಯಾಕೆ ಅಂತ ಕೇಳಬೇಡಿ. ಚೆನ್ನಾಗಿತ್ತು, ತಗೊಂಡೆ.)

ಮೆಟ್ಟುಗತ್ತಿ ಅಂದ್ರೆ ಗೊತ್ತಿಲ್ಲದವರಿಗೆ: ಮೈಸೂರು ಕಡೆಯವರ ಈಳಿಗೆ ಮಣೆಯ ಮಲೆನಾಡಿನ ಅಕ್ಕ. ಮರದ ಮಣೆ, ಅದರ ತುದಿಯಲ್ಲಿ ಎದ್ದು ನಿಂತ ಅಲಗು. ಮಣೆಯನ್ನ ಕಾಲಲ್ಲಿ ಮೆಟ್ಟಿಕೊಂಡು ಕೂರೋದರಿಂದ ಮೆಟ್ಟುಗತ್ತಿ. ಬೇರೆ ಕತ್ತಿಗಳಲ್ಲಿ ಕೈ ಓಡಾಡುತ್ತೆ, ತರಕಾರಿ ಸುಮ್ಮನಿರುತ್ತೆ. ಇಲ್ಲಿ ಕತ್ತಿ ಸುಮ್ಮನಿರುತ್ತೆ, ತರಕಾರಿ ಓಡಾಡುತ್ತೆ. ಮರಾಠಿಯವರ ವಿಳಿ, ಬಂಗಾಳಿಗಳ ಬೋಂಟಿ ಎಲ್ಲ ಇದೇ ಬಳಗ. ನಮ್ಮ ಕಡೆ ಇದರ ಮುಖ್ಯ ಕೆಲಸ ತರಕಾರಿಯಲ್ಲ, ಅಡಿಕೆ. ಕೊಯ್ಲಿನ ಕಾಲದಲ್ಲಿ ಸಂಜೆಯಾದ ಮೇಲೆ ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಹಸಿ ಅಡಿಕೆ ಸುಲಿಯೋಕೆ ಕೂತರೆ ನಡುರಾತ್ರಿಯವರೆಗೂ ಸಿಪ್ಪೆ ಬೀಳೋ ಸದ್ದು, ಊರಿನ ಎಲ್ಲರ ಮನೆ ಸುದ್ದಿ. ಡಬ್ಬದ ಲೆಕ್ಕದಲ್ಲಿ ಕೂಲಿ. ಅಜ್ಜಿ ಮನೆಯೊಡತಿಯಾದರೂ ಆ ಸಾಲಿನಲ್ಲಿ ಕೂರ್ತಿದ್ದಳು, ಮತ್ತು ಎಲ್ಲರಿಗಿಂತ ಬೇಗ ಡಬ್ಬ ತುಂಬಿಸ್ತಿದ್ದಳು. ನಾನು ಅವಳ ಬೆನ್ನಿಗೆ ಒರಗಿಕೊಂಡು ನಿದ್ದೆ ಹೋಗ್ತಿದ್ದೆ.

ಆ ಕತ್ತಿಗಳನ್ನ ಆಗ ಮನೆಯಲ್ಲಿ ಎಲ್ಲಿಡ್ತಿದ್ರು ಅನ್ನೋದನ್ನ ನಾನು ಈಗ, ಕಪಾಟು ಮಾಡಿಸಿದ ಮೇಲೆ, ಕೂತು ನೆನಪು ಮಾಡಿಕೊಂಡಿದ್ದೀನಿ. ಸೊಪ್ಪಿನ ಕತ್ತಿ ಜಗಲಿಯ ಸೂರಿಗೆ ಸಿಕ್ಕಿಸಿರ್ತಿತ್ತು, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ದೊಡ್ಡವರು ನೋಡದೆಯೇ ಕೈ ಚಾಚಿ ತಗೊಳ್ಳೋ ಎತ್ತರದಲ್ಲಿ. ಕೊನೆ ಕೊಯ್ಯೋ ಕತ್ತಿಗೆ ಸೊಂಟಕ್ಕೆ ಕಟ್ಟಿಕೊಳ್ಳೋ ಮರದ ಕೊಕ್ಕೆ ಇತ್ತು. ಬೆನ್ನ ಹಿಂದೆ ತೂಗಾಡ್ತಾ ಮರ ಹತ್ತುತ್ತೆ, ಇಳಿದು ಮನೆಗೆ ಬಂದ ಮೇಲೆ ಕೊಕ್ಕೆ ಸಮೇತ ಗೂಟಕ್ಕೆ. ಬಾಳೆ ಎಲೆ ಕತ್ತಿ ಹಿತ್ತಿಲ ಬಾಗಿಲ ಹಿಂದೆ. ಮೆಟ್ಟುಗತ್ತಿ ಒಲೆಯ ಪಕ್ಕದ ಮೂಲೆಯಲ್ಲಿ, ಮಗ್ಗುಲಿಗೆ ಮಲಗಿಸಿ, ಅಲಗು ಗೋಡೆ ಕಡೆಗೆ. ಕೆಲಸ ಮುಗಿದ ಮೇಲೆ ಅದು ಎದ್ದು ನಿಂತಿರಬಾರದು ಅನ್ನೋದು ನಮ್ಮ ಮನೆಯ ಕಾನೂನು. ನಿಲ್ಲಿಸಿಟ್ಟು ಎದ್ದು ಹೋದರೆ ಮನೆಗೆ ಕೆಟ್ಟದ್ದು ಅಂತ ಅಜ್ಜಿ ಬೈತಿದ್ದಳು. ಕತ್ತಲೆ ಅಡುಗೆಮನೆಯಲ್ಲಿ ಓಡಾಡೋ ಮಕ್ಕಳ ಕಾಲಿಗೆ ಕೆಟ್ಟದ್ದು ಅನ್ನೋದನ್ನ ಅವರು ಹಾಗೆ ಹೇಳ್ತಿದ್ದರೇನೋ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಲ್ಲಿ ಒಗೆದ ಬಟ್ಟೆ ವಾರಗಟ್ಟಲೆ ಒಣಗಲ್ಲ, ಚಪ್ಪಲಿಗೆ ಬೂಸ್ಟು ಬರುತ್ತೆ, ಉಪ್ಪು ನೀರಾಗುತ್ತೆ. ಅಂಥಾ ಊರಲ್ಲಿ ಆ ಕತ್ತಿಗಳಿಗೆ ತುಕ್ಕು ಹಿಡಿದದ್ದು ನಾನು ಕಂಡಿಲ್ಲ. ಸಿಲಿಕಾ ಜೆಲ್ ಇರಲಿಲ್ಲ, ಯಾರೂ ಮೇಣ ಹಚ್ತಿರಲಿಲ್ಲ. ಒಲೆಯ ಬಿಸಿ, ಅಟ್ಟಕ್ಕೇರುವ ಹೊಗೆ, ಮತ್ತೆ ದಿನಾ ಕೈಯಾಡೋದು. ಕೊಯ್ದ ಮೇಲೆ ಸೀರೆ ಸೆರಗಿನಲ್ಲೋ ಪಂಚೆ ತುದಿಯಲ್ಲೋ ಒಂದು ಸಲ ಒರೆಸಿಬಿಟ್ಟರೆ ಆಯ್ತು.

ಅದೇ ಕತ್ತಿಗಳು ಬೆಂಗಳೂರಿಗೆ ಬಂದು ಕೆಲಸವಿಲ್ಲದೆ ಕೂತಾಗ ಕತೆಯೇ ಬೇರೆ. ಇವೆಲ್ಲ ಇಂಗಾಲ ಜಾಸ್ತಿಯಿರುವ ಉಕ್ಕು. ನಮ್ಮೂರ ಆಚಾರಿ ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ತಂದು ಕುಲುಮೆಯಲ್ಲಿ ಕಾಸಿ, ಬಡಿದು, ಹದ ಹಾಕಿ ಮಾಡಿದ್ದು. ಅಂಚು ಚೆನ್ನಾಗಿ ನಿಲ್ಲುತ್ತೆ, ಆದರೆ ಸ್ಟೇನ್‌ಲೆಸ್ ಥರ ತನ್ನನ್ನ ತಾನು ಕಾಯ್ಕೊಳ್ಳೋದಿಲ್ಲ. ಗಾಳಿಯ ತೇವಾಂಶ ಸುಮಾರು ಶೇಕಡಾ 60 ದಾಟಿದ ಮೇಲೆ ಕಬ್ಬಿಣದ ತುಕ್ಕಿಗೆ ವೇಗ ಬಂದುಬಿಡುತ್ತೆ. ಬೆಂಗಳೂರಿನ ಮಳೆಗಾಲದ ಬೆಳಗ್ಗೆಗಳಲ್ಲಿ ನಮ್ಮ ಹಾಲಿನ ಮೀಟರು 80 ತೋರಿಸಿದ್ದನ್ನ ನಾನೇ ನೋಡಿದ್ದೀನಿ. ಕೆಲಸ ಮಾಡೋ ಕತ್ತಿಗೆ ಜಾಗ ಸಾಕು, ಕೆಲಸ ಬಿಟ್ಟ ಕತ್ತಿಗೆ ಆಸ್ಪತ್ರೆ ಬೇಕು ಅಂತ ಗೆಳೆಯನೊಬ್ಬ ತಮಾಷೆ ಮಾಡ್ತಾನೆ.

ಇವು ಬೆಂಗಳೂರಿಗೆ ಬಂದ ಕತೆ ಚಿಕ್ಕದು. ಊರಿನ ಹಳೇ ಮನೆಯ ಅಡುಗೆಮನೆ ಕೆಡವಿ ಟೆರೇಸ್ ಮನೆ ಕಟ್ಟೋದು ಅಂತ ನಿಶ್ಚಯವಾಯ್ತು. ಅಡಿಕೆ ಸುಲಿಯೋಕೆ ಯಂತ್ರ ಬಂದು ಕೆಲವು ವರ್ಷವಾಗಿತ್ತು, ಜಗಲಿಯ ಸಾಲು ಅಷ್ಟರಲ್ಲೇ ಎದ್ದುಹೋಗಿತ್ತು. ಅಪ್ಪಯ್ಯ ಫೋನ್ ಮಾಡಿ, ಗುಜರಿಯವನು ಬುಧವಾರ ಬರ್ತಾನೆ, ನಿಂಗೆ ಎಂತಾದ್ರೂ ಬೇಕಾದ್ರೆ ಅಷ್ಟರೊಳಗೆ ಬಾ ಅಂದ. ಮಂಗಳವಾರ ರಾತ್ರಿ ಬಸ್ಸಿನ ಬದಲು ಸೋಮವಾರವೇ ಹೊರಟೆ. ಅಂಗಳದಲ್ಲಿ ಗೋಣಿಚೀಲ ಕಟ್ಟಿ ಇಟ್ಟಿದ್ದರು: ತೂತು ಬಿದ್ದ ಹಂಡೆ, ಮುರಿದ ಗುದ್ದಲಿ, ಬಾವಿ ರಾಟೆ, ಹನ್ನೆರಡೋ ಹದಿಮೂರೋ ಮೆಟ್ಟುಗತ್ತಿಯ ಅಲಗುಗಳು. ಮಣೆಗಳು ಆಗಲೇ ಬಚ್ಚಲ ಒಲೆಗೆ ಹೋಗಿದ್ದವು. ಒಂದು ಮಾತ್ರ ಮಣೆ ಸಮೇತ ಉಳಿದಿತ್ತು. ಅಜ್ಜಿ ಅದನ್ನ ತನ್ನ ಮಂಚದ ಕೆಳಗೆ ಎಳೆದಿಟ್ಟುಕೊಂಡಿದ್ದಳು. "ಇದ್ನ ಬೇಕಾರೆ ನೀ ತಗಂಡು ಹೋಗು, ಆ ಚೀಲಕ್ಕೆ ಮಾತ್ರ ಹಾಕಡ" ಅಂದಳು. ಅಷ್ಟೇ ಅಂದಿದ್ದು.

ಆ ಕತ್ತಿಗಳನ್ನ ಮಾಡಿದ ಆಚಾರಿ ಆಗಲೇ ತೀರಿಕೊಂಡಿದ್ದ. ಅವನ ಮಗ ಶಿವಮೊಗ್ಗದಲ್ಲಿ ಗ್ರಿಲ್ ವೆಲ್ಡಿಂಗ್ ಮಾಡ್ತಾನೆ. ಅಂದ್ರೆ ಆ ಚೀಲದಲ್ಲಿದ್ದದ್ದನ್ನ ಮತ್ತೆ ಮಾಡಿಸೋ ಹಾಗಿಲ್ಲ. ಹಳೇ ಪಂಚೆಯಲ್ಲಿ ಸುತ್ತಿ, ಮೇಲೆ ಗೋಣಿ ಸುತ್ತಿ, ಐದನ್ನ ತಂದೆ. ಬಸ್ಸಿನ ಡಿಕ್ಕಿಯಲ್ಲಿ ಇಡುವಾಗ ಕಂಡಕ್ಟರು "ಒಳಗೇನು?" ಅಂದ. "ಅಡುಗೆ ಸಾಮಾನು" ಅಂದೆ. ಸುಳ್ಳೇನಲ್ಲವಲ್ಲ.

ಇನ್ನು ಇಡೋ ವಿಷಯ. ನಮ್ಮದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಬಾರದು ಅಂತ ಕರಾರಿನಲ್ಲೇ ಬರೆದಿದೆ. ಹಾಗಾಗಿ ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸೋ ಗೋಡೆ ತುಂಬ ಕತ್ತಿಯ ಕನಸು ಮೊದಲ ದಿನವೇ ಹೋಯ್ತು. ಉಳಿದದ್ದು ಕಪಾಟು. ಯಾವ ಮರ ಅನ್ನೋದರಲ್ಲೇ ಸುಮಾರು ದಿನ ಕಳೆದೆ. ಮ್ಯೂಸಿಯಮ್ಮಿನವರು ಹೇಳೋದು ಏನಂದ್ರೆ, ಮುಚ್ಚಿದ ಪೆಟ್ಟಿಗೆಯೊಳಗೆ ಮರವೂ ಉಸಿರಾಡುತ್ತೆ. ಓಕ್ ಮರ ಅಸಿಟಿಕ್ ಆಮ್ಲದ ಆವಿ ಬಿಡುತ್ತೆ. ಅಗ್ಗದ ಪ್ಲೈವುಡ್, ಎಂಡಿಎಫ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತೆ. ಪಿವಿಸಿ ಹಾಳೆ ಹಳತಾದರೆ ಹೈಡ್ರೋಕ್ಲೋರಿಕ್ ಆಮ್ಲ. ಸೋಪಿನ ಪುಡಿಯಿಂದ ಶರ್ಟಿನವರೆಗೆ ನಾವು ಏನನ್ನೆಲ್ಲ ಅದೇ ಪ್ಲೈವುಡ್ ವಾರ್ಡ್‌ರೋಬಿನಲ್ಲಿ ತುಂಬ್ತೀವಿ, ಶರ್ಟಿಗೆ ಏನೂ ಆಗಲ್ಲ. ಉಕ್ಕಿಗೆ ಆಗುತ್ತೆ. ಕೊನೆಗೆ ಹಳೇ ಮನೆ ಕೆಡವಿದಾಗ ಸಿಕ್ಕ ಹಲಸಿನ ಹಲಗೆಗಳನ್ನೇ ಲಾರಿಗೆ ಹಾಕಿಸಿಕೊಂಡು ತಂದೆ. ನೂರು ಮಳೆಗಾಲ ಕಂಡ ಹಲಗೆ, ಅದರ ಆವಿ ಎಲ್ಲ ಯಾವತ್ತೋ ಹೋಗಿರುತ್ತೆ ಅನ್ನೋದು ನನ್ನ ಲೆಕ್ಕ. ಮುಂದೆ ಗಾಜು, ಸುತ್ತ ರಬ್ಬರಿನ ಬದಲು ಬರೀ ಬಿಗಿಯಾದ ಚೌಕಟ್ಟು, ಬೀಗ.

ಒಳಗೆ ಉಣ್ಣೆಯ ಬಟ್ಟೆ ಹಾಸಬೇಡಿ. ಜಮಖಾನೆ ಥರ ಚಂದ ಕಾಣುತ್ತೆ, ಆದರೆ ಉಣ್ಣೆಯಲ್ಲಿ ಗಂಧಕ ಇರುತ್ತೆ, ಬೆಳ್ಳಿ ಕಪ್ಪಾಗುತ್ತೆ. ಪೀಚೆಕತ್ತಿಗೆ ಬೆಳ್ಳಿ ಕೆತ್ತನೆ, ಬೆಳ್ಳಿ ಸರಪಳಿ ಇರೋದರಿಂದ ನಾನು ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ ಹಾಸಿದ್ದೀನಿ. ಒಂದು ಮೂಲೆಯಲ್ಲಿ ಸಿಲಿಕಾ ಜೆಲ್. ಹೊಸ ಶೂ ಡಬ್ಬದಲ್ಲಿ ಬರುತ್ತಲ್ಲ, 'ತಿನ್ನಬೇಡಿ' ಅಂತ ಬರೆದಿರೋ ಪೊಟ್ಟಣ, ಅದೇ. ಆದರೆ ಅದು ಒಂದು ಸಲ ನೀರು ಕುಡಿದ ಮೇಲೆ ಸುಮ್ಮನೆ ಕಲ್ಲು. ಬಣ್ಣ ಬದಲಾಯಿಸೋ ಜಾತಿಯದು ತಗೊಂಡ್ರೆ ಹೊಟ್ಟೆ ತುಂಬಿದ್ದು ಕಣ್ಣಿಗೇ ಕಾಣುತ್ತೆ, ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಇಡಬಹುದು. ನೀಲಿಯಿಂದ ಗುಲಾಬಿಗೆ ತಿರುಗೋದರಲ್ಲಿ ಕೋಬಾಲ್ಟ್ ಇರುತ್ತೆ, ಅಡುಗೆಯ ಓವನ್ನಿಗೆ ಅದು ಬೇಡ. ಕಿತ್ತಳೆ ಬಣ್ಣದ್ದು ತಗೊಳ್ಳಿ.

ಒರೆಯ ವಿಚಾರದಲ್ಲಿ ನನಗೆ ಪಾಠ ಹೇಳಿದ್ದು ಖುಕ್ರಿ. ಯಾರೋ ಹಲವು ವರ್ಷ ಬಳಸದೆ ಇಟ್ಟು ಮಾರಿದ್ದು, ನಾನು ಎರಡನೇ ಕೈಯಲ್ಲಿ ತಗೊಂಡೆ. ಒರೆ ನೋಡೋಕೆ ಬಹಳ ಚೆನ್ನಾಗಿತ್ತು, ಮರದ ಮೇಲೆ ಚರ್ಮ ಹೊದಿಸಿದ್ದು, ಪಕ್ಕದಲ್ಲಿ ಕರ್ದಾ, ಚಕ್ಮಕ್ ಅನ್ನೋ ಎರಡು ಪುಟಾಣಿಗಳು. ಎಳೆದರೆ ಅಲಗಿನ ಎರಡೂ ಬದಿ ಸಿಡುಬಿನ ಕಲೆಯ ಹಾಗೆ ತುಕ್ಕಿನ ಗುಳಿ. ಚರ್ಮ ಹದ ಮಾಡೋಕೆ ಬಳಸಿದ ಆಮ್ಲ, ಲವಣ ಅದರಲ್ಲೇ ಉಳಿದಿರುತ್ತೆ, ಅದು ಗಾಳಿಯ ತೇವ ಎಳ್ಕೊಂಡು ಅಲಗಿಗೆ ಒತ್ತಿ ಹಿಡಿಯುತ್ತೆ. ಹಿತ್ತಾಳೆ ಭಾಗಗಳಿಗೆ ಹಸಿರು ಕಿಲುಬು. ಒರೆ ಅನ್ನೋದು ಕತ್ತಿಯನ್ನ ತಗೊಂಡು ಹೋಗೋಕೆ, ಇಟ್ಟುಕೊಳ್ಳೋಕೆ ಅಲ್ಲ. ಈಗ ಖುಕ್ರಿ ಒಂದು ಕಡೆ, ಒರೆ ಪಕ್ಕದಲ್ಲಿ ಖಾಲಿ ಮಲಗಿದೆ, ಜಗಳವಾಡಿದ ಗಂಡಹೆಂಡಿರ ಥರ.

ಎಣ್ಣೆಗೆ ಬಂದರೆ, ನಮ್ಮ ಮನೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆ. ತಲೆಗೂ, ದೋಸೆಗೂ, ಬಾಗಿಲ ತಿರುಗಣೆಗೂ. ದಿನಾ ಬಳಸೋ ಕತ್ತಿಗೆ ಅದು ಸಾಕು. ತಿಂಗಳುಗಟ್ಟಲೆ ಇಡೋದಕ್ಕೆ ಆಗಿಬರಲ್ಲ, ಹಳತಾಗಿ ಕಮಟಾದರೆ ಹಿತ್ತಾಳೆ ಹಸಿರಾಗುತ್ತೆ. ಸಕಾಯ್‌ನ ಅಂಗಡಿಯ ಮುದುಕ ದೇಬಾವನ್ನ ಕಾಗದದಲ್ಲಿ ಸುತ್ತೋ ಮುಂಚೆ ಕಮೀಲಿಯಾ ಬೀಜದ ಎಣ್ಣೆ ಸವರಿ ಕೊಟ್ಟಿದ್ದ. ಆ ಊರು ಹೊಗೆಸೊಪ್ಪು ಹೆಚ್ಚೋ ಕತ್ತಿಗಳಿಂದ ಹೆಸರು ಮಾಡಿದ್ದಂತೆ. ಅಡಿಕೆಯ ಕತ್ತಿಯ ಪಕ್ಕ ಹೊಗೆಸೊಪ್ಪಿನ ಊರಿನ ಕತ್ತಿ ಇಟ್ಟಿದ್ದೀನಿ, ಎಲೆ ಸುಣ್ಣ ಒಂದಿದ್ದರೆ ಆಯ್ತು :) ನಾನು ಬಳಸೋದು ಹೊಲಿಗೆ ಮಷಿನ್ನಿನ ಎಣ್ಣೆ, ಹತ್ತಿಯಲ್ಲಿ ಅದ್ದಿ ತೆಳ್ಳಗೆ, ಕಂಡೂ ಕಾಣದ ಹಾಗೆ. ಹಿಡಿ ಮತ್ತು ಅಲಗು ಸೇರೋ ಸಂದಿಯಲ್ಲಿ ಒಂದು ಹನಿ ಜಾಸ್ತಿ, ಯಾಕಂದ್ರೆ ಕಣ್ಣಿಗೆ ಕಾಣದ ತುಕ್ಕು ಶುರುವಾಗೋದು ಅಲ್ಲಿಂದ. ಅಡುಗೆಗೆ ಬಳಸೋದಕ್ಕೆ ಮಾತ್ರ ಈ ಎಣ್ಣೆ ಬೇಡ.

ಕೊಡಗಿನ ಸಹೋದ್ಯೋಗಿಯೊಬ್ಬ ನನ್ನ ಕಪಾಟು ನೋಡಿ ಬಹಳ ಹೊತ್ತು ಸುಮ್ಮನಿದ್ದು, "ನಮ್ಮಲ್ಲಿ ಇದಕ್ಕೊಂದು ಕ್ಯಾಲೆಂಡರ್ ಇದೆ ಕಣೋ" ಅಂದ. ಗದ್ದೆ ನಾಟಿಯ ಕೆಲಸ ನಡೆಯುವಾಗ ಆಯುಧಗಳನ್ನ ಮನೆಯ ಕನ್ನಿಕೊಂಬರೆಯಲ್ಲಿ, ಅಂದ್ರೆ ದೇವರ ಕೋಣೆಯಲ್ಲಿ, ಇಟ್ಟುಬಿಡೋದು ಅವರ ಹಳೇ ಪದ್ಧತಿ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲ ಸಾಲಾಗಿ ಇಟ್ಟು, ತೋಕ್‌ಪೂ ಅನ್ನೋ ಬೆಂಕಿಯಂಥ ಹೂ ಸಿಕ್ಕಿಸಿ ಪೂಜೆ. ಆಮೇಲೆ ಕೈಗೆ ತಗೊಂಡು ಬೇಟೆಗೆ, ಆಟಕ್ಕೆ. ಅಡಗಿಸಿಡೋದಕ್ಕೂ ತೋರಿಸೋದಕ್ಕೂ ಬಳಸೋದಕ್ಕೂ ಅವರಲ್ಲಿ ಬೇರೆ ಬೇರೆ ತಿಂಗಳು. ನಾನು ಗಾಜಿನ ಹಿಂದೆ ಇಟ್ಟು ಮೂರನ್ನೂ ಒಟ್ಟಿಗೆ ಮಾಡೋಕೆ ಹೊರಟಿದ್ದೀನಿ, ಅದರಲ್ಲಿ ಮೂರನೆಯದು ಕೈಬಿಟ್ಟು ಹೋಗಿದೆ. ಅವನು ಹಾಗಂತ ಹೇಳಲಿಲ್ಲ. ನನಗೇ ಅನ್ನಿಸಿದ್ದು.

ಮೆಟ್ಟುಗತ್ತಿ ಒಂದು ನನ್ನ ಎಲ್ಲ ಲೆಕ್ಕ ಕೆಡಿಸ್ತು. ಉಳಿದ ಎಂಟನ್ನ ಬೆನ್ನು ಕೆಳಗೆ ಮಾಡಿ ಮರದ ಗೂಟದ ಮೇಲೆ ಇಡಬಹುದು, ಅಂಚು ಯಾವುದಕ್ಕೂ ತಾಗಲ್ಲ. ಜಪಾನಿನವರು ಕತಾನವನ್ನ ಅಂಚು ಮೇಲಾಗಿ ಇಡೋದು ಹಾಗೇ. ಆದರೆ ಮೆಟ್ಟುಗತ್ತಿಗೆ ಮಣೆ ಇದೆ. ಮಲಗಿಸಿದರೆ ಅದು ಏನು ಅಂತಲೇ ಗೊತ್ತಾಗಲ್ಲ. ನಿಲ್ಲಿಸಿದರೆ ಅಜ್ಜಿಯ ಕಾನೂನು ಮುರಿದ ಹಾಗೆ. ಗೋಡೆಗೆ ನೇತು ಹಾಕಿದರೆ ಯಾವುದೋ ಪ್ರಾಣಿಯ ಬುರುಡೆಯ ಹಾಗೆ ಕಾಣುತ್ತೆ. ಕಡೆಗೆ ಹಿಂದಿನ ಹಲಗೆಗೆ ಕೊಕ್ಕೆ ಹಾಕಿ, ಮಣೆ ಗೋಡೆಗೆ ಒರಗಿ ಅಲಗು ಮುಂದಕ್ಕೆ ಚಾಚಿರೋ ಹಾಗೆ, ಎಲ್ಲಕ್ಕಿಂತ ಮೇಲೆ ಬಿಗಿದಿದ್ದೆ.

ಅದನ್ನ ನೋಡೋಕೆ ಅಂತ ಬಂದ ಇನ್ನೊಬ್ಬ ಸಂಗ್ರಾಹಕರು ಅಲಗನ್ನ ನೋಡಿ ಮುಖ ಸಣ್ಣ ಮಾಡಿದರು. ಅದು ಕಪ್ಪು. ಇದ್ದಿಲಿನ ಹಾಗೆ ಕಪ್ಪು, ಅಂಚಿನಲ್ಲಿ ಮಾತ್ರ ಒಂದು ಬೆಳ್ಳನೆ ಗೆರೆ. ಬಫಿಂಗ್ ಮಾಡಿಸಿ, ಕನ್ನಡಿ ಥರ ಹೊಳೆಯುತ್ತೆ ಅಂದರು, ಪೀಣ್ಯದ ಒಂದು ಅಂಗಡಿಯ ನಂಬರೂ ಕೊಟ್ಟರು. ಮಾಡಿಸಲಿಲ್ಲ. ಆ ಕಪ್ಪು ಕೊಳೆಯಲ್ಲ. ಹಸಿ ಅಡಿಕೆಯಲ್ಲಿ ಟ್ಯಾನಿನ್ ತುಂಬಾ ಇರುತ್ತೆ, ಬಾಯಿಗೆ ಒಗರು ಹತ್ತೋದು ಅದರಿಂದಲೇ. ಕಬ್ಬಿಣಕ್ಕೆ ತಾಗಿದರೆ ಕಪ್ಪು ಪದರ ಆಗುತ್ತೆ, ಕಬ್ಬಿಣದ ಟ್ಯಾನೇಟ್. ಹಳೇ ಕಾಲದಲ್ಲಿ ಯುರೋಪಿನವರು ಗಾಲ್ ಕಾಯಿಯಿಂದ ಮಾಡ್ತಿದ್ದ ಮಸಿ ಇದೇ ರಸಾಯನ. ಇನ್ನೂ ಸೋಜಿಗ ಅಂದ್ರೆ, ನೆಲದಡಿ ಸಿಕ್ಕ ಹಳೇ ಕಬ್ಬಿಣದ ಸಾಮಾನುಗಳ ತುಕ್ಕು ತಡೆಯೋಕೆ ಮ್ಯೂಸಿಯಂ ಪ್ರಯೋಗಾಲಯಗಳಲ್ಲಿ ಬೇಕಂತಲೇ ಟ್ಯಾನಿಕ್ ಆಮ್ಲ ಹಚ್ಚುತ್ತಾರೆ. ಅಜ್ಜಿ ಸುಲಿದ ಒಂದೊಂದು ಅಡಿಕೆಯೂ ಆ ಕೆಲಸ ಮಾಡಿದೆ. ಅವಳ ಬಲಗೈ ಹೆಬ್ಬೆರಳು ಕೂಡ ಕೊಯ್ಲಿನ ಕಾಲದಲ್ಲಿ ಅದೇ ಬಣ್ಣ ಇರ್ತಿತ್ತು, ಯುಗಾದಿ ಹೊತ್ತಿಗೆ ಬಿಡ್ತಿತ್ತು. ಕತ್ತಿಯದ್ದು ಬಿಟ್ಟಿಲ್ಲ.

ಪುಣೆಯಲ್ಲಿ ಒಂದು ವರ್ಷ ಇದ್ದೆ. ಅಲ್ಲಿನ ರಾಜಾ ದಿನಕರ ಕೇಳಕರ್ ಮ್ಯೂಸಿಯಮ್ಮಿಗೆ ಹೋಗದವರು ಖಂಡಿತ ಹೋಗಿ. ದಿನಕರ ಕೇಳಕರ್ ಅನ್ನೋರು ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರಲ್ಲಿ ಕಟ್ಟಿದ್ದು. ಜೀವಮಾನವಿಡೀ ಊರೂರು ತಿರುಗಿ ಸೇರಿಸಿದ ಇಪ್ಪತ್ತು ಸಾವಿರ ಸಾಮಾನುಗಳನ್ನ 1975ರಲ್ಲಿ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಅಲ್ಲಿ ಅಡಕತ್ತರಿಗಳಿವೆ, ದೀಪಗಳಿವೆ, ಅಡುಗೆಮನೆಯ ಪಾತ್ರೆಗಳಿವೆ, ವಿಳಿಗಳೂ ಇವೆ. ಹೈದರಾಬಾದಿನ ಸಾಲಾರ್ ಜಂಗ್‌ನಲ್ಲೂ ನೂರ್‌ಜಹಾನಳ ಹಣ್ಣು ಕೊಯ್ಯೋ ಕತ್ತಿ ಇದೆ. ಆದರೆ ಅದು ರಾಣಿಯ ಕತ್ತಿ, ರತ್ನ ಕೂರಿಸಿದ್ದು. ಯಾರದ್ದೋ ಮನೆಯ ಹೆಸರಿಲ್ಲದ ಹೆಂಗಸು ಬದನೆಕಾಯಿ ಹೆಚ್ಚಿದ ವಿಳಿಯನ್ನ ಗಾಜಿನ ಹಿಂದೆ ಇಟ್ಟ ಕೇಳಕರ್ ಮೇಲೆ ನನಗೆ ಹೆಚ್ಚು ಗೌರವ.

ಇಷ್ಟೆಲ್ಲ ಓದಿ, ಮಾಡಿ, ಕಪಾಟು ಒಂದು ಹಂತಕ್ಕೆ ಬಂತು ಅನ್ನೋ ಹೊತ್ತಿಗೆ ಅಜ್ಜಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಬೆಂಗಳೂರಿಗೆ ಬಂದಳು. ಎಂಬತ್ತನಾಲ್ಕು ವರ್ಷ. ಒಂದು ಕಣ್ಣಲ್ಲಿ ಮಬ್ಬು ಮಬ್ಬು. ಬಂದ ಮಾರನೇ ದಿನ ಬೆಳಗ್ಗೆ ಕಾಫಿ ಕುಡೀತಾ ಕಪಾಟಿನ ಹತ್ತಿರ ಹೋಗಿ ಗಾಜಿಗೆ ಮೂಗು ಒತ್ತಿ ನಿಂತಳು.

"ಎಂತಕ್ಕ ತಮಾ, ಇದ್ನ ಗೋಡೆಗೆ ಹಾಕಿದ್ದೆ?"

"ನೋಡೋಕೆ ಅಜ್ಜಿ. ಹಾಳಾಗಬಾರದು ಅಂತ."

"ಹಾಳಾಗದು ಅಲ್ಲಿದ್ರೇ. ತೆಗೆ."

ಆಪರೇಷನ್ ಆದ ಮೇಲೆ ಬಗ್ಗೋ ಹಾಗಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಅವತ್ತು ಮಧ್ಯಾಹ್ನಕ್ಕೆ ಮೊಗೆಕಾಯಿ ಹುಳಿ ಮಾಡೋದಿತ್ತು. ನಾನು ಸ್ಕ್ರೂ ಬಿಚ್ಚಿ ಇಳಿಸಿ, ಎಣ್ಣೆ ಹೋಗೋ ಹಾಗೆ ಬಿಸಿನೀರು ಸೋಪಲ್ಲಿ ತೊಳೆದು ಕೊಟ್ಟೆ. ಸ್ಕ್ರಬ್ಬರ್ ಕೈಗೆ ತಗೊಂಡಿದ್ದನ್ನ ನೋಡಿ "ತಿಕ್ಕಡ, ಅದು ಅಡಕೆ ಕಪ್ಪು" ಅಂದಳು. ನೆಲದ ಮೇಲೆ ಪೇಪರ್ ಹಾಸಿ, ಗೋಡೆ ಹಿಡಿದು ನಿಧಾನಕ್ಕೆ ಕೂತಳು. ಕೂರೋಕೆ ಎರಡು ನಿಮಿಷ ಹಿಡೀತು. ಮಣೆಯ ಮೇಲೆ ಕಾಲು ಇಟ್ಟ ಮೇಲೆ ವಯಸ್ಸು ಎಲ್ಲಿಗೆ ಹೋಯ್ತೋ. ಮೊಗೆಕಾಯಿ ಎರಡು ಹೋಳಾಯ್ತು, ನಾಲ್ಕಾಯ್ತು, ತಿರುಳು ಬೇರೆಯಾಯ್ತು, ಹೋಳುಗಳು ಒಂದೇ ಅಳತೆಯಲ್ಲಿ ನೀರಿನ ಪಾತ್ರೆಗೆ ಟಪಟಪ ಬೀಳೋಕೆ ಶುರುವಾಯ್ತು. ಕಣ್ಣು ಕತ್ತಿಯ ಮೇಲೆ ಇರಲೇ ಇಲ್ಲ, ಇದ್ದರೂ ಕಾಣ್ತಿರಲಿಲ್ಲ. ನನ್ನಾಕೆಯ ಹತ್ತಿರ ಅವಳ ತವರಿನ ಸುದ್ದಿ ಕೇಳ್ತಾ ಇದ್ದಳು. ಮಧ್ಯೆ ಒಂದು ಸಲ ಹೆಬ್ಬೆರಳಿನಿಂದ ಅಂಚನ್ನ ಅಡ್ಡಕ್ಕೆ ಸವರಿ, "ಮಸೆದಿದ್ದಿಲ್ಲೆ ನೀನು" ಅಂದಳು. ಮಸೆಯೋದು ಬೇಕಂತಲೇ ಬಿಟ್ಟಿದ್ದೆ. ಆ ಅಲಗು ಎಷ್ಟೋ ವರ್ಷದ ಮಸೆಗಲ್ಲಿಗೆ ಸವೆದು ನಡುವಲ್ಲಿ ಚಂದ್ರನ ಹಾಗೆ ಒಳಸರಿದಿದೆ, ಅದು ಅವಳ ಮಸೆತದ ಆಕಾರ, ನನ್ನ ಕೈ ಅದರಲ್ಲಿ ಬೇಡ ಅಂತ. ಇದನ್ನ ಅವಳಿಗೆ ಹೇಳೋಕೆ ಹೋಗಿ, ಹೇಳೋದು ಹೇಗೆ ಅಂತ ತಿಳಿಯದೆ ಸುಮ್ಮನಾದೆ. ಅವಳೇ ಅಡುಗೆಮನೆಯ ಪಿಂಗಾಣಿ ಬಟ್ಟಲು ತರಿಸಿಕೊಂಡು, ಮಗುಚಿ, ಅದರ ಬುಡದ ಒರಟು ಅಂಚಿಗೆ ನಾಲ್ಕು ಸಲ ಎಳೆದು ಅಂಚು ತಂದುಕೊಂಡಳು.

ಹುಳಿ ತಿಂದು ಎದ್ದ ಮೇಲೆ ಅಜ್ಜಿ ಮೆಟ್ಟುಗತ್ತಿಯನ್ನ ತೊಳೆದು ಒರೆಸಿ, ಒಲೆ ಎಲ್ಲಿ ಅಂತ ಹುಡುಕಿ (ಒಲೆ ಕಟ್ಟೆಯ ಮೇಲಿದೆ, ಕೆಳಗೆ ಸಿಲಿಂಡರ್), ಸಿಲಿಂಡರಿನ ಪಕ್ಕದ ಮೂಲೆಯಲ್ಲಿ ಮಗ್ಗುಲಿಗೆ ಮಲಗಿಸಿದಳು. ಅಲಗು ಗೋಡೆ ಕಡೆಗೆ.

ಮೂರು ವಾರ ಅದು ಅಲ್ಲೇ ಇತ್ತು. ಆಪರೇಷನ್ ಆಯ್ತು, ಕಪ್ಪು ಕನ್ನಡಕ ಹಾಕಿಕೊಂಡು ಅಜ್ಜಿ ಕುರ್ಚಿಯಲ್ಲಿ ಕೂತು ನಿರ್ದೇಶನ ಕೊಟ್ಟಳು, ನನ್ನಾಕೆ ಕಲಿತಳು. ಅವಳು ದಾವಣಗೆರೆಯವಳು, ಈಳಿಗೆ ನೋಡಿ ಗೊತ್ತು, ಬಳಸಿ ಗೊತ್ತಿರಲಿಲ್ಲ. ಹಲಸಿನಕಾಯಿ ಕೊಯ್ಯೋಕೆ ಇದಕ್ಕಿಂತ ಬೇರೆ ಇಲ್ಲ ಅಂತ ಈಗ ಅವಳೇ ಹೇಳ್ತಾಳೆ. ಅಜ್ಜಿ ಊರಿಗೆ ಹೋಗೋ ದಿನ ಕತ್ತಿಯ ಬಗ್ಗೆ ಏನೂ ಹೇಳಲಿಲ್ಲ.

ನಾನು ಕಪಾಟನ್ನ ಬಿಚ್ಚಿಸಿ ಬದಲಾಯಿಸಿದೆ. ಕೆಳಗಡೆ, ನೆಲದ ಮಟ್ಟದಲ್ಲಿ, ಬೇರೆಯೇ ಒಂದು ಅರೆ. ಅದಕ್ಕೆ ಗಾಜಿಲ್ಲ, ಹಲಸಿನ ಹಲಗೆಯ ಬಾಗಿಲು, ಬೇರೆ ಬೀಗ. ಅಕ್ಕನ ಮಗ ಪುಟ್ಟನಿಗೆ ಮೂರು ವರ್ಷ, ಕುರ್ಚಿ ಎಳೆದು ಹತ್ತೋದು ಗೊತ್ತು, ಎತ್ತರದಲ್ಲಿಟ್ಟರೆ ಸುರಕ್ಷಿತ ಅನ್ನೋದನ್ನ ಅವನು ಯಾವತ್ತೋ ಸುಳ್ಳು ಮಾಡಿದ್ದಾನೆ. ಬೀಗದ ಕೈ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ. ಒಳಗೆ ಮೆಟ್ಟುಗತ್ತಿ ಮಲಗಿದೆ, ಯಾವ ಸ್ಕ್ರೂ ಇಲ್ಲ, ಮಷಿನ್ ಎಣ್ಣೆಯೂ ಇಲ್ಲ. ವಾರಕ್ಕೆ ಎರಡು ಸಲವಾದರೂ ಹೊರಗೆ ಬರುತ್ತೆ. ಬಂದವರಿಗೆ ಈಗ ಕಾಣೋದು ಎಂಟು ಕತ್ತಿ, ಒಂಬತ್ತನೆಯದು ಕೇಳಿದವರಿಗೆ ಮಾತ್ರ. ಸಂಗ್ರಹದ ಅತ್ಯುತ್ತಮ ತುಂಡನ್ನೇ ಮುಚ್ಚಿಟ್ಟಿದ್ದೀರಲ್ಲ ಅಂತ ಆ ಬಫಿಂಗ್ ಸಂಗ್ರಾಹಕರು ಮೊನ್ನೆಯೂ ಬೇಜಾರು ಮಾಡ್ಕೊಂಡರು.

ಮೇಲೆ ಅದು ಇದ್ದ ಜಾಗ ಖ��ಲಿ ಇದೆ, ಎರಡು ಸ್ಕ್ರೂ ತೂತು ಸಮೇತ. ಗುಜರಿ ಚೀಲಕ್ಕೆ ಹೋದ ಉಳಿದ ಅಲಗುಗಳಲ್ಲಿ ಒಂದಾದರೂ ಸಿಗುತ್ತಾ ಅಂತ ಆ ಗುಜರಿಯವನನ್ನ ಹುಡುಕಿಸ್ತಾ ಇದ್ದೀನಿ. ಅಪ್ಪಯ್ಯ ಸಾಗರದ ಕಡೆ ಎಲ್ಲೋ ಮಾರಿರಬೇಕು ಅಂತಾನೆ. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದು, ಹಳೇ ಕಬ್ಬಿಣದ ಅಂಗಡಿಯಲ್ಲಿ ನಡು ಸವೆದ, ಇದ್ದಿಲಿನಂಥ ಕಪ್ಪು ಅಲಗು ಕಂಡರೆ ದಯವಿಟ್ಟು ತೆಗೆದಿಡಿ. ಮತ್ತೆ ನಿಮ್ಮೂರಲ್ಲಿ ಇದಕ್ಕೆ ಏನಂತ ಕರೀತಾರೆ, ಎಲ್ಲಿಡ್ತಿದ್ದರು ಅನ್ನೋದನ್ನೂ ಬರೀರಿ. ತಿಕ್ಕಿ ಹೊಳಪು ಮಾಡಿ ಮಾತ್ರ ಕಳಿಸಬೇಡಿ.